ನೀಲವ್ವನ ಪಾಲಿನ ಸಲೈನ್

"ಯಾರ್ರಿ ನೀವು? ಕೂಸುಗಳು ಒಳಗ ಉಣ್ಣಾಕತ್ತಾವ, ನೀವು ಕೀಲಿ ಹಿಡಕೊಂಡು ಬಾಗಲಕ್ಕ ನಿಂತೀರಿ!"

ಪುಟ್ಟ ಮಕ್ಕಳ ಬಾಲವಾಡಿ ನಡೆಸುತ್ತಿದ್ದ ಶಿವಕಾಂತಾ ಉಪ್ಪಿಟ್ಟಿನ ಸೌಟು ಹಿಡಿದೇ ಹೊರಗೆ ಬಂದಳು.

"ಅಫಜಲಪುರ ದವಾಖಾನಿಂದ ಬಂದೇನ್ರಿ, ದೇವಿಂದ್ರಪ್ಪ ಅಂತ. ಊರಾಗ ಕಾಲರಾ ಬಂದದ. ಕೂಸುಗಳು ಒಂದ ಕಡಿ ಕೂಡಬಾರದು. ಬಾಲವಾಡಿ ಬಂದ್ ಮಾಡ್ರಿ."

"ಮತ್ತ ಇವು ಉಪಾಸ ಸಾಯಬೇಕೇನ್ರಿ? ಹೊಟ್ಟಿ ತುಂಬ ಸಿಗೂದು ಇದೊಂದ ಊಟ!"

ಅವನು ಕೀಲಿಯನ್ನು ಜೇಬಿಗಿಟ್ಟ. ತಲೆ ತಗ್ಗಿಸಿ, ಮಕ್ಕಳು ಉಂಡು ಮುಗಿಸುವವರೆಗೂ ಕಟ್ಟೆಯ ಮೇಲೆ ಕಾದು ಕುಳಿತ.

ಎಪ್ಪತ್ತರ ದಶಕದ ಆ ಮಳೆಗಾಲದಲ್ಲಿ, ದೇಶ ದೇಶ ದಾಟಿ ಹಬ್ಬುತ್ತಿದ್ದ ಬೇನೆ ಅತನೂರಿಗೂ ಕಾಲಿಟ್ಟಿತ್ತು.

ಶಿವಕಾಂತಾ ಅಳುತ್ತಾ ಕೂರಲಿಲ್ಲ. ಮರುದಿನವೇ ಪಾತ್ರೆ ಹೊತ್ತು ಮನೆಮನೆಯ ಅಂಗಳಕ್ಕೆ ಹೋದಳು. ಮಕ್ಕಳಿಗೆ ಅಲ್ಲೇ ಊಟ, ಅಲ್ಲೇ ಹಾಡು. ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಎಷ್ಟು ಬೆರೆಸಬೇಕೆಂದು ತಾಯಂದಿರಿಗೆ ಕಲಿಸಲು ದೇವಿಂದ್ರಪ್ಪನೂ ಜೊತೆಯಾದ.

"ಮೊದಲ ನೀವು ಕುಡೀರಿ ಸಾಹೇಬ್ರ, ಆಮ್ಯಾಲ ನಾವು!" ಎಂದಳು ಖುರ್ಷಿದ ಎಂಬ ತಾಯಿ ತನ್ನ ಅಂಗಳದಲ್ಲಿ. ಅವನು ಗಟಗಟ ಕುಡಿದ. ಹೆಂಗಸರೆಲ್ಲ ನಕ್ಕರು. ಶಿವಕಾಂತಾಳೂ ನಕ್ಕಳು... ಎಷ್ಟೋ ದಿನಗಳ ನಂತರ!

'ಇವರು ಬರೂ ಹಾದಿ ನಾ ಯಾಕ ನೋಡಾಕತ್ತೇನಿ?' ಎಂದು ತನ್ನನ್ನೇ ಬೈದುಕೊಂಡಳು.

ಆ ನಗು ಬಹಳ ದಿನ ಉಳಿಯಲಿಲ್ಲ.

ಒಂದು ಮುಂಜಾನೆ ನೀಲವ್ವ ಹಾಸಿಗೆ ಹಿಡಿದಳು. ತೀರಿಹೋದ ಅಕ್ಕನ ಮಗಳು. ಶಿವಕಾಂತಾಳನ್ನೇ ಅವ್ವ ಎನ್ನುತ್ತಿದ್ದ ಕೂಸು. ಕುಡಿಸಿದ ನೀರೆಲ್ಲ ವಾಂತಿಯಾಯಿತು.

"ಸಲೈನ್ ಬೇಕು. ಅಫಜಲಪುರಕ್ಕ ಹೋಗಿ ತರ್ತೇನಿ. ಹೊತ್ತು ನೆತ್ತಿಗೇರೂದ್ರಾಗ ಬರ್ತೇನಿ... ನನ್ನ ಮ್ಯಾಲ ಭರೋಸಾ ಇಡು," ಎಂದು ದೇವಿಂದ್ರಪ್ಪ ಸೈಕಲ್ ಹತ್ತಿದ.

ಹೊತ್ತು ನೆತ್ತಿಗೇರಿತು. ಇಳಿಯಿತು.

ಅವನು ಬಂದಾಗ ನೀಲವ್ವ ಶಿವಕಾಂತಾಳ ತೊಡೆಯ ಮೇಲೆಯೇ ತಣ್ಣಗಾಗಿದ್ದಳು.

"ಎಲ್ಲಿದ್ರಿ?"

ಅವನು ತಂದ ಸಲೈನ್ ಬಾಟಲಿಯನ್ನು ನೆಲಕ್ಕಿಟ್ಟ.

"ಹೋಗ್ರಿ! ನಿಮ್ಮ ಮಾರಿ ನನಗ ತೋರಿಸಬ್ಯಾಡ್ರಿ!"

ಅವನು ಹೋದ. ಆಮೇಲೆ ಊರ ಬಾವಿಗೆ ಔಷಧ ಹಾಕಲು ಬಂದಾಗಲೂ ಅವಳ ಓಣಿಯತ್ತ ಸುಳಿಯಲಿಲ್ಲ. ಅವಳು ಮಾತ್ರ ಪಾತ್ರೆ ಹೊರುವುದನ್ನು ಬಿಡಲಿಲ್ಲ.

ಬೇನೆ ಇಳಿದ ಮೇಲೆ ಪಕ್ಕದ ಹಳ್ಳಿಯಿಂದ ತುಳಜಾಬಾಯಿ ಎಂಬ ತುಂಬು ಬಸುರಿ ಬಂದಳು.

"ನಮ್ಮೂರಾಗೂ ಹಿಂಗ ಅಂಗಳದ ಬಾಲವಾಡಿ ಮಾಡಬೇಕ್ರಿ ಅಕ್ಕಾರ. ದೇವಿಂದ್ರಪ್ಪನವರು ನಿಮ್ಮ ಹೆಸರು ಹೇಳಿದ್ರು."

ಆ ಹೆಸರಿಗೆ ಶಿವಕಾಂತಾಳ ಮುಖ ಬಿಗಿಯಿತು.

"ಅವತ್ತ ಕಾಲರಾ ಹತ್ತಿ ನಾ ಹಾದಿ ಬದಿ ಬಿದ್ದಿದ್ದೆ. ನನ್ನ ಗಂಡ ಅವರ ಸೈಕಲ್ ತಡದು ಕಾಲು ಹಿಡದ. 'ಇದು ಬ್ಯಾರೆ ಕೂಸಿಂದು' ಅಂತ ಅವರು ಅಳಕೋತನ ನನಗ ಸಲೈನ್ ಹಾಕಿದ್ರು. ಮತ್ತ ಇನ್ನೊಂದು ತರಾಕ ಅಫಜಲಪುರಕ್ಕ ಹೊಳ್ಳಿ ಓಡಿದ್ರು... ಆ ಕೂಸು ಹೆಂಗದ ಅಕ್ಕಾರ?"

ಶಿವಕಾಂತಾ ಆ ಬಸುರಿಯ ಹೊಟ್ಟೆಯನ್ನೇ ನೋಡಿದಳು.

"...ಕುಂದ್ರವ್ವಾ. ಮೊದಲ ಉಣ್ಣು," ಎಂದಷ್ಟೇ ಅಂದಳು.

ಮಧ್ಯಾಹ್ನವೇ ಬಸ್ ಹಿಡಿದಳು. ಅಫಜಲಪುರದ ದವಾಖಾನೆಯ ಹಿಂದೆ ಅವನು ಬಕೆಟ್ ತೊಳೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಸಲೈನ್ ಆ ಬಸುರಿಗೆ ಹಾಕಿದ್ದು ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ... ಆ ಬಸುರಿ ಬದುಕಿದ್ದೇ ನಿನ್ನ ಕಣ್ಣಾಗ ತಪ್ಪಾಗತಿತ್ತು. ಸಿಟ್ಟೆಲ್ಲ ನನ್ನ ಮ್ಯಾಲೇ ಇರಲಿ ಅಂದೆ."

"ನಿಮ್ಮ ಜಾಗದಾಗ ನಾ ಇದ್ರೂ ಆಕಿಗೇ ಹಾಕ್ತಿದ್ದೆ ಏನೋ... ಆದ್ರೂ ನಿಮಗ ಮಾಫ್ ಮಾಡಾಕ ಆಗವಲ್ದು!" ಅವಳು ಬಿಕ್ಕಿದಳು. "ನಿಮ್ಮನ್ನ ಬಿಟ್ಟು ಇರಾಕೂ ಆಗವಲ್ದು."

ದೇವಿಂದ್ರಪ್ಪನ ಕಣ್ಣುಗಳು ತುಂಬಿದವು.

"ನಾನೂ ನಿನ್ನ ಬಿಟ್ಟು ಇರಲಾರೆ, ಶಿವಕಾಂತಾ. ಮಾಫ್ ಮಾಡಬ್ಯಾಡ. ಬೈಕೋತನ ಇರು... ನನ್ನ ಮನ್ಯಾಗ ಇರು."

"ಮನ್ಯಾಗ ನೀಲವ್ವನ ಹೆಸರು ಮುಚ್ಚಿಡಬಾರದು."

"ದಿನಾ ಆಕಿ ಹೆಸರು ತಗೊಳ್ಳೋಣು."

"ತಗೊಂಡ್ರ ಅಳು ಬರ್ತದ್ರಿ..."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಕೈ ಹಿಡಿದ.

"ಬರಲಿ. ಇನ್ನ ನೀ ಒಬ್ಬಾಕಿನ ಅಳಬ್ಯಾಡ."