ಮಾಡಿನಲ್ಲಿ ಬಲೆಯ ಗಂಟು

"ಬೋಲ್ಟ್ ಹಾಕು ಅಂದ್ರೆ ಬಲೆದಾರ ಕಟ್ಟಿದ್ಯಲ್ಲೋ! ಮಾಡು ಬಿದ್ರೆ ಕೆಳಗಿದ್ದವ್ರ ಗತಿ ಎಂತ?" ಎಂದು ಹೆಂಡತಿಯ ತಮ್ಮ ದಿನಕರನ ಮೇಲೆ ಕೂಗಾಡಿದೆ.

"ನಾ ಕಟ್ಲಿಲ್ಲ ಭಾವ, ಬೋಲ್ಟೇ ಹಾಕಿದ್ದೆ."

ತೆಂಗಿನಗುಂಡಿಯ ಮೀನು ಹರಾಜಿನ ಹೊಸ ಶೆಡ್ಡು ಅದು. ನಡುವೆ ಒಂದೂ ಕಂಬವಿಲ್ಲದೆ, ಕಬ್ಬಿಣದ ಕೊಳವೆಗಳನ್ನು ಬಲೆಯಂತೆ ಹೆಣೆದ ಚಾವಣಿಯೇ ಅದರ ಮಾಡು. ಅವನನ್ನು ಎಳೆದುಕೊಂಡೇ ಏಣಿ ಹತ್ತಿದೆ. ಬಿಸಿಲಿಗೆ ಕೊಳವೆಗಳೆಲ್ಲ ಸುಡುತ್ತಿದ್ದವು. ಆ ದಾರ ಮಾತ್ರ ತಣ್ಣಗಿತ್ತು, ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

ಬಲೆ ಹೆಣೆಯುವವರ ಗಂಟು ನೋಡಿಯೇ ನಮ್ಮಲ್ಲಿ ಕೈ ಯಾರದೆಂದು ಹೇಳುತ್ತಾರೆ. ದಿನಕರ ಬಿಳಿಚಿಕೊಂಡ. "ಎಡಗೈ ಗಂಟು. ನಂದು ಬಲಗೈದು, ಇದು ಅಪ್ಪಂದೇ. ಕೊಯ್ಯಬೇಡ ಭಾವ."

ಅವನಪ್ಪ ಕಳೆದ ಮಳೆಗಾಲದಲ್ಲಿ ದೋಣಿ ಮಗುಚಿ ಹೋದವನು, ಹೆಣ ಸಿಕ್ಕಿರಲಿಲ್ಲ.

ನಾನು ಕೊಯ್ದು ಬೋಲ್ಟ್ ಬಿಗಿದೆ. ತುಂಡುದಾರವನ್ನು ಮುಷ್ಟಿಯಲ್ಲಿ ಹಿಡಿದು ದಿನಕರ ಕಡಲ ಕಡೆ ನಡೆದುಹೋದ.

ಮರುದಿನ ಅಲ್ಲಿ ಬೋಲ್ಟ್ ಇರಲಿಲ್ಲ, ಒದ್ದೆ ದಾರವಿತ್ತು. ಈ ಸಲ ಬಲಗೈ ಗಂಟು. ದಿನಕರ ಇವತ್ತಿಗೂ ಬಂದಿಲ್ಲ.