ಓರೆಯಾದ ಏಳು

"ಇದು ನಕಲಿ."

ಅವಳು ಮೆಲ್ಲಗೇ ಹೇಳಿದಳು. ಆದರೂ ಗ್ಯಾರೇಜಿನ ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು.

ಹಳೆಯ ಬೈಕುಗಳ ಮೇಲೆ ಕುಟ್ಟಿದ ನಂಬರನ್ನು ಬೆರಳಿನಿಂದ ಸವರಿ ಅಸಲು ಯಾವುದು, ನಕಲಿ ಯಾವುದು ಎಂದು ಹೇಳುವ ವಿದ್ಯೆ ಅವಳಿಗೆ ಅಪ್ಪನಿಂದ ಬಂದದ್ದು. ದೇವರು ಕೆಲವರ ಬೆರಳ ತುದಿಯಲ್ಲೂ ಒಂದು ಕಣ್ಣಿಟ್ಟು ಕಳಿಸುತ್ತಾನೆ. ಅಪ್ಪ ಹೋದ ಮೇಲೆ ಗ್ಯಾರೇಜು ಅಣ್ಣನ ಪಾಲಾಯಿತು, ವಿದ್ಯೆ ಇವಳ ಪಾಲಾಯಿತು.

ಎದುರಿಗೆ ನಿಂತಿದ್ದವನು ಬಡಗಿ. ತೋಳಿಗೆ ಮರದ ಹೊಟ್ಟು ಇನ್ನೂ ಅಂಟಿಕೊಂಡಿತ್ತು. ತೀರಿಹೋದ ತಂದೆಯ ಬೈಕನ್ನು ತಳ್ಳಿಕೊಂಡು ಬಂದಿದ್ದ. ಕಾರ್ಖಾನೆ ಇನ್ನೂರೇ ಇನ್ನೂರು ಮಾಡಿ ನಿಲ್ಲಿಸಿದ ಮಾಡೆಲ್ಲು ಇದು ಎಂದು ಆ ತಂದೆ ಕೊನೆಯುಸಿರಿನವರೆಗೂ ಹೇಳುತ್ತಿದ್ದರಂತೆ. ಬೀದಿಯವರೆಲ್ಲ ನಗುತ್ತಿದ್ದರಂತೆ. ಮಾರೋದಕ್ಕಲ್ಲ, ನಮ್ಮಪ್ಪ ಸುಳ್ಳುಗಾರ ಅಲ್ಲ ಅಂತ ತಿಳಿದವರೊಬ್ಬರ ಬಾಯಲ್ಲಿ ಕೇಳಬೇಕು, ಅಷ್ಟೇ ಎಂದಿದ್ದ, ಅವಳ ಮುಖದಿಂದ ಕಣ್ಣು ತೆಗೆಯದೆ.

ಎಂಜಿನ್ ಮೇಲಿನ ಏಳು ಓರೆಯಾಗಿದೆ ಎಂದಳು ಅವಳು, ತಲೆ ಎತ್ತದೆಯೇ. ಯಂತ್ರ ಅಂಕಿಯನ್ನು ಓರೆಯಾಗಿ ಕುಟ್ಟುವುದಿಲ್ಲ. ಯಾರೋ ಹಳೇ ನಂಬರು ಉಜ್ಜಿ, ಕೈಯಿಂದ ಹೊಸದು ಹೊಡೆದಿದ್ದಾರೆ.

ಹೋದ ತಿಂಗಳಷ್ಟೇ ಅಣ್ಣ ಇಂಥದೇ ಕದ್ದ ಗಾಡಿ ಕೊಂಡು, ಎರಡು ದಿನ ಠಾಣೆಯ ನೆಲದ ಮೇಲೆ ಕೂತು ಬಂದಿದ್ದ. ಆ ಉರಿ ಇನ್ನೂ ಆರಿರಲಿಲ್ಲ. ತಂಗಿಯ ಮಾತು ಕಿವಿಗೆ ಬಿದ್ದದ್ದೇ ಅವನು ನುಗ್ಗಿ ಬಂದ.

"ನಾನೇ ಸಿಕ್ಕಿದ್ನೇನೋ ನಿಮಗೆಲ್ಲ, ಕಳ್ಳ ನನ್ಮಗನೇ?"

ಮೊದಲ ಗುದ್ದಿಗೆ ಬಡಗಿಯ ತುಟಿ ಸೀಳಿತು. ಎರಡನೆಯದಕ್ಕೆ ಅವನು ಎಣ್ಣೆಜಿಡ್ಡಿನ ನೆಲಕ್ಕೆ ಬಿದ್ದ. ಆದರೂ ಕೈ ಎತ್ತಲಿಲ್ಲ. ಅಣ್ಣ ಬೈಕನ್ನು ಒದ್ದು ಕೆಡವಿದಾಗ ಮಾತ್ರ ಎದ್ದ. ಎದ್ದವನೇ ಅಣ್ಣನ ಸೊಂಟ ಹಿಡಿದೆತ್ತಿ ಮೇಜಿನ ಮೇಲೆ ಅಪ್ಪಳಿಸಿದ. ನಟ್ಟು ಬೋಲ್ಟುಗಳೆಲ್ಲ ಚೆಲ್ಲಾಪಿಲ್ಲಿ. ಕೆಲಸದವರಿಬ್ಬರು ಹಿಂದಿನಿಂದ ಬಂದು ಬಡಗಿಯ ತೋಳು ತಿರುಚಿ ಹಿಡಿದರು. ಅಣ್ಣನ ಕೈಗೆ ದೊಡ್ಡ ಸ್ಪ್ಯಾನರು ಸಿಕ್ಕಿತು. ಭುಜಕ್ಕೆ ಬಿತ್ತು, ಪಕ್ಕೆಗೆ ಬಿತ್ತು. ಸೌದೆ ಮುರಿದಂಥ ಸದ್ದು.

ಅಯ್ಯೋ... ನನ್ನ ಒಂದು ಮಾತಿಗೆ ಇಷ್ಟು ರಕ್ತವೇ ಎಂದುಕೊಂಡಳು ಅವಳು.

ಮಗುಚಿ ಬಿದ್ದ ಬೈಕಿನ ಅಡಿಭಾಗ ಮೇಲೆ ಬಂದಿತ್ತು. ಚೌಕಟ್ಟಿನ ಮೇಲಿನ ಇನ್ನೊಂದು ನಂಬರು ಈಗ ಕಾಣುತ್ತಿತ್ತು. ಅವಳು ಮಂಡಿಯೂರಿ ಬೆರಳಿಟ್ಟಳು. ಅಲ್ಲೂ ಏಳು ಓರೆ... ಅದೇ ಓರೆ. ಅದರ ಮೇಲೆ ಕಾರ್ಖಾನೆಯ ಮೊದಲ ಬಣ್ಣ, ಅಂಕಿಯ ಕುಳಿಯೊಳಗೂ ಬಿರುಕಿಲ್ಲದೆ ಕೂತಿತ್ತು. ಆಮೇಲೆ ಯಾರಾದರೂ ಕುಟ್ಟಿದ್ದರೆ ಬಣ್ಣ ಒಡೆಯಲೇಬೇಕಿತ್ತು. ಅಂದರೆ ಎರಡೂ ಏಳು ಬಿದ್ದದ್ದು ಕಾರ್ಖಾನೆಯಲ್ಲೇ, ಒಬ್ಬನೇ ಕೆಲಸಗಾರನ ಕೈಯಿಂದ. ಇನ್ನೂರೇ ಗಾಡಿಗೆ ನಂಬರು ಕುಟ್ಟಲು ಯಂತ್ರ ಯಾರು ಕೂರಿಸುತ್ತಾರೆ? ಆ ಇನ್ನೂರರಲ್ಲಿ ಇದೂ ಒಂದು.

ಸತ್ತವರು ನಿಜವನ್ನೇ ಹೇಳಿದ್ದರು.

ಅವಳು ಓಡಿ ಬಡಗಿಗೆ ಅಡ್ಡ ನಿಂತಳು. ಆಗಲೇ ಬೀಸಿದ್ದ ಸ್ಪ್ಯಾನರು ಅವಳ ಮುಂಗೈಗೆ ಬಡಿಯಿತು. ಮೂಳೆ ಮುರಿದದ್ದು ಅವಳಿಗೇ ಕೇಳಿಸಿತು.

"ಅಣ್ಣಾ, ಗಾಡಿ ಅಸಲು. ತಪ್ಪು ನಂದು. ಇನ್ನೂ ಹೊಡೀಬೇಕಂದ್ರೆ ಇನ್ನೊಂದು ಕೈ ಇದೆ, ಇದಕ್ಕೂ ಹೊಡಿ."

ತಂಗಿಯ ಜೋತುಬಿದ್ದ ಕೈ ನೋಡಿ ಕಲ್ಲಿನಂಥ ಆ ಮನುಷ್ಯ ಕುಸಿದು ಕೂತ.

ಇಬ್ಬರನ್ನೂ ಆಸ್ಪತ್ರೆಗೆ ಒಯ್ದವನು ಅವನೇ. ದೂರು ಕೊಡಿ, ನಾನೇ ಠಾಣೆಗೆ ಬರ್ತೀನಿ ಎಂದು ಬಡಗಿಗೆ ಕೈಮುಗಿದನಂತೆ. ಬೈಕನ್ನು ಎತ್ತಿ ನಿಲ್ಲಿಸಿದ್ರಾ ಎಂದಷ್ಟೇ ಬಡಗಿ ಕೇಳಿದನಂತೆ.

ಮೂರನೆಯ ದಿನ ಆಸ್ಪತ್ರೆಯ ವರಾಂಡದಲ್ಲಿ, ಬೆಂಚಿನ ಈ ತುದಿಗೆ ಅವಳು, ಆ ತುದಿಗೆ ಅವನು.

"ಎರಡೂ ನಂಬರು ಮುಟ್ಟದೆ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ. ಅವತ್ತು ಒಂದೇ ಮುಟ್ಟಿದೆ."

"ಯಾಕೆ?"

ಅವಳು ಕೈಗೆ ಕಟ್ಟಿದ ಪಟ್ಟಿಯ ಅಂಚನ್ನು ಎಳೆದು ಸರಿಮಾಡಿದಳು.

"ನೀವು ನೋಡ್ತಾನೇ ಇದ್ರಿ... ಎದೆ ಹೊಡ್ಕೊಳ್ತಿತ್ತು. ಬೇಗ ಹೇಳಿ ಒಳಗೆ ಓಡಿಬಿಟ್ರೆ ಸಾಕು ಅನ್ನಿಸ್ತು."

ಅವನು ನಗಲು ಹೋಗಿ ಪಕ್ಕೆ ಹಿಡಿದುಕೊಂಡ. "ಹಾಗಾದ್ರೆ ನನ್ನ ಪಕ್ಕೆಲುಬು ಮುರಿದದ್ದರಲ್ಲಿ ಅರ್ಧ ತಪ್ಪು ನಂದೇ."

"ಕೋಪ ಇಲ್ವಾ?"

"ಇತ್ತು. ನೀವು ಅಡ್ಡ ಬಂದ್ರಲ್ಲ, ಆಮೇಲೆ ಹುಡುಕಿದೆ... ಸಿಗಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಪಟ್ಟಿ ಕಟ್ಟದ ಕೈಯನ್ನು ಬೆಂಚಿನ ನಡುವೆ ಇಟ್ಟಳು. ಅದರ ಮೇಲೆ ಅವನ ಒರಟು ಕೈ ಬಂದು ಕೂತಿತು.

"ಕೈ ಕೂಡಿದ ಮೇಲೆ ಬರ್ತೀರಾ? ಅಪ್ಪನನ್ನ ನೋಡಿ ನಕ್ಕವರ ಮನೆ ಮುಂದೆಲ್ಲ ಒಂದು ಸುತ್ತು. ನೀವು ಹಿಂದೆ ಕೂತು."

"ಸುತ್ತಿ ಆದ ಮೇಲೆ ನನ್ನ ಎಲ್ಲಿ ಇಳಿಸ್ತೀರಿ?"

"ಇಳಿಸೋ ಯೋಚನೆ ಇಲ್ಲ."