ಮಿರ್ದಿಫ್ ಮನೆಯ ಎಸಿ, ಬತಾಂಗಾಸ್‌ನ ಮೇಷ್ಟ್ರು

ಆರ್ನೆಲ್ ಮೊದಲ ಸಲ ದುಬೈಯ ಮಿರ್ದಿಫ್‌ನಲ್ಲಿರುವ ನಮ್ಮ ಮನೆಗೆ ಬಂದಾಗ ಡ್ಯಾಡಿ ಅವನನ್ನು ಸೋಫಾದಲ್ಲಿ ಕೂರಿಸಲಿಲ್ಲ, ಸೀದಾ ಎಸಿಯ ಕೆಳಗೆ ನಿಲ್ಲಿಸಿದರು.

ತಪ್ಪು ಪೂರ್ತಿ ಡ್ಯಾಡಿಯದ್ದೂ ಅಲ್ಲ. ಆ ಶನಿವಾರ ಬೆಳಿಗ್ಗೆಯಿಂದ ಹಾಲ್‌ನ ಎಸಿ ತೊಟ್ಟಿಕ್ಕುತ್ತಿತ್ತು. ಫಿಲಿಪಿನೋ ಟೆಕ್ನಿಶಿಯನ್ ಒಬ್ಬನನ್ನು ಕಳಿಸುತ್ತೇವೆ ಎಂದು ಬಿಲ್ಡಿಂಗ್‌ನ ವಾಚ್‌ಮ್ಯಾನ್ ಹೇಳಿದ್ದ. ಬೆಲ್ ಆಯಿತು. ಬಾಗಿಲಲ್ಲಿ ಇಸ್ತ್ರಿ ಹಾಕಿದ ತಿಳಿನೀಲಿ ಶರ್ಟ್, ಕೈಯಲ್ಲೊಂದು ಚೀಲ, ಫಿಲಿಪಿನೋ ಮುಖ. ಡ್ಯಾಡಿಗೆ ಅಷ್ಟೇ ಸಾಕಾಯಿತು.

ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ, ಸಿಲಿಕಾನ್ ಓಯಸಿಸ್‌ನ ಶಾಲೆಯೊಂದರ ಗಣಿತದ ಮೇಷ್ಟ್ರು, ಒಂದು ವರ್ಷದಿಂದ ನಾನು ಪ್ರೀತಿಸುತ್ತಿದ್ದ ಮನುಷ್ಯ, ಶರ್ಟಿನ ತೋಳು ಮಡಚಿ ಸ್ಟೂಲ್ ಹತ್ತಿ ನಮ್ಮ ಎಸಿಯ ಫಿಲ್ಟರ್ ಬಿಚ್ಚುತ್ತಿದ್ದ. ಕೆಳಗೆ ಡ್ಯಾಡಿ ಬಕೆಟ್ ಹಿಡಿದು ನಿಂತಿದ್ದರು.

"ಡ್ಯಾಡಿ! ಇವರು ಆರ್ನೆಲ್! ಇವತ್ತು ಒಬ್ಬರು ಮೇಷ್ಟ್ರು ಬರ್ತಾರೆ ಅಂತ ಹೇಳಿದ್ದೆನಲ್ಲ?"

ಡ್ಯಾಡಿ ಬಕೆಟ್ ನೋಡಿದರು, ಅವನನ್ನು ನೋಡಿದರು. "ಆ ಮೇಷ್ಟ್ರಾ? ಮತ್ತೆ ಎಸಿ ಯಾಕೆ ಬಿಚ್ಚಿದ್ದು?"

ಅದನ್ನೇ ನಾನು ಇಂಗ್ಲಿಷಿನಲ್ಲಿ ಕೇಳಿದೆ.

"ಸರ್ ಬಿಚ್ಚು ಅಂದರು" ಎಂದು ನಕ್ಕ ಆರ್ನೆಲ್. ಫಿಲ್ಟರ್ ತೊಳೆದು ತಂದು ಕೂರಿಸಿದ. ಇಳಿದು ಕೈ ಒರೆಸಿಕೊಂಡು, ತಲೆ ಬಾಗಿಸಿ, ಡ್ಯಾಡಿಯ ಬಲಗೈ ಹಿಡಿದು ತನ್ನ ಹಣೆಯ ಕಡೆಗೆ ಎತ್ತಿದ. ಅವರ ಊರಲ್ಲಿ ಹಿರಿಯರ ಆಶೀರ್ವಾದ ಬೇಡುವುದು ಹಾಗೆ. ಚಿಕ್ಕವರಿದ್ದಾಗ ನಾವು ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿಸಿ, ಕೈಮುಗಿದು ಬೆಸಾಂವ್ ಕೇಳುತ್ತಿದ್ದೆವಲ್ಲ, ಅದೇ ಇದು. ಡ್ಯಾಡಿಗೆ ಅದು ಗೊತ್ತಿರಲಿಲ್ಲ. ಕೈಯನ್ನು ಸರಕ್ಕನೆ ಎಳೆದುಕೊಂಡರು.

ಬಾಗಿದ ತಲೆ ಹಾಗೇ ಉಳಿಯಿತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅವನು ಹೋದ ಮೇಲೆ ಡ್ಯಾಡಿಯ ತೀರ್ಪು ಬಂತು. "ಹುಡುಗ ಒಳ್ಳೆಯವನೇ ಇರಬಹುದು. ಆದ್ರೆ ಅಲ್ಲಿಯ ಶಾಲೆ ಎಂತ, ಡಿಗ್ರಿ ಎಂತ? ಪರೀಕ್ಷೆಯಲ್ಲಿ ಅವರ ಮಕ್ಕಳು ಯಾವಾಗ್ಲೂ ಹಿಂದೆ ಅಂತ ಪೇಪರಲ್ಲೇ ಬರ್ತದೆ. ಸರ್ಕಾರದ ಕಥೆಯೂ ಅಷ್ಟೇ. ಅಬುಧಾಬಿಯ ಲಿಯೊನೆಲ್‌ನ ಮನೆಯವರು ಕ್ರಿಸ್ಮಸ್‌ಗೆ ನಿನ್ನ ಸಂಬಂಧ ಮಾತಾಡ್ಲಿಕ್ಕೆ ಬರ್ತಾರೆ. ಖಲಾಸ್."

ಡ್ಯಾಡಿಯನ್ನು ಎದುರು ಹಾಕಿಕೊಂಡು ಮದುವೆಯಾಗುವ ಧೈರ್ಯ ನನಗಿತ್ತು, ಮನಸ್ಸಿರಲಿಲ್ಲ. ಆ ಕೈ ಆ ಹಣೆಯನ್ನು ಮುಟ್ಟಬೇಕು, ಆಮೇಲೇ ನಾನು ಮದುವೆಯ ಸೀರೆ ಉಡುವುದು ಎಂದು ನಿಶ್ಚಯ ಮಾಡಿಕೊಂಡೆ.

ಮುಂದಿನ ಶನಿವಾರ ಆರ್ನೆಲ್ ಮತ್ತೆ ಬಂದ, ಟೂಲ್ ಬಾಕ್ಸ್ ಸಮೇತ. ಜಾರುತ್ತಿದ್ದ ಕರ್ಟನ್ ರಾಡ್ ಗಟ್ಟಿ ಮಾಡಿದ. ಅದರ ಮುಂದಿನ ವಾರ ಮಮ್ಮಿಯ ಹೊಲಿಗೆ ಮೆಷಿನ್‌ಗೆ ಎಣ್ಣೆ ಹಾಕಿದ. ಮಮ್ಮಿ ಅಪೊಲೊನಿಯಾ ಬೇಗ ಕರಗಿದರು. ಅವನ ತಟ್ಟೆಗೆ ಕೇಳದೆಯೇ ಇಡ್ಲಿಯಂಥ ಸಾನ್ನ ಬೀಳತೊಡಗಿತು. ಡ್ಯಾಡಿ ಮಾತ್ರ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಆದರೆ ಪೇಪರಿನ ಹಿಂದಿನಿಂದ ದನಿ ಬರುತ್ತಿತ್ತು: "ಡೆಬೊರಾ, ಬಾತ್‌ರೂಮಿನ ನಲ್ಲಿಯೂ ಸೋರ್ತದೆ ಅಂತ ಹೇಳು."

ಅವತ್ತು ಮುಶ್ರಿಫ್ ಪಾರ್ಕಿನ ಹೊರಗೆ ಕಾರು ನಿಲ್ಲಿಸಿ ನಾನು ಜಗಳಕ್ಕೇ ನಿಂತೆ.

"ನೀನು ಮೇಷ್ಟ್ರು. ನಲ್ಲಿ ರಿಪೇರಿಯವನಲ್ಲ. ನಿನಗೆ ಮರ್ಯಾದೆ ಅನ್ನೋದು ಇದೆಯಾ?"

ಅವನು ಎರಡೂ ಹುಬ್ಬು ಎತ್ತಿ ಇಳಿಸಿದ. ಅವರಲ್ಲಿ ಹುಬ್ಬು ಎತ್ತಿದರೆ ‘ಹೌದು’ ಎಂದು. ಪರಿಚಯದ ಹೊಸದರಲ್ಲಿ ನಾನು ಅದನ್ನು ‘ಏನು?’ ಎಂದುಕೊಂಡು ಎಲ್ಲ ಮಾತನ್ನೂ ಎರಡೆರಡು ಸಲ ಹೇಳುತ್ತಿದ್ದೆ. ಅವನು ಪಾಪ ಎರಡೆರಡು ಸಲ ಒಪ್ಪುತ್ತಿದ್ದ.

"ಇದೆ, ಅದಕ್ಕೇ ಬರ್ತಿದ್ದೇನೆ. ನನ್ನ ಅಪ್ಪ ನನ್ನ ಅಮ್ಮನ ಮನೆಗೆ ನೀರು ಹೊತ್ತರು, ಕಟ್ಟಿಗೆ ಸೀಳಿದರು. ಹುಡುಗಿಯ ಮನೆಯಲ್ಲಿ ದುಡಿದು ತೋರಿಸುವುದು ನಮ್ಮ ಹಳೆಯ ಪದ್ಧತಿ. ಮಿರ್ದಿಫ್‌ನಲ್ಲಿ ನಾನು ಕಟ್ಟಿಗೆ ಎಲ್ಲಿಂದ ತರಲಿ? ನಿಮ್ಮ ಎಸಿ ಇದೆಯಲ್ಲ!"

ನಗು ಬಂತು. ಆದರೂ ಬಿಡಲಿಲ್ಲ. "ಡ್ಯಾಡಿ ನಿಮ್ಮ ಶಾಲೆಗಳ ಬಗ್ಗೆ ಏನೇನೋ ಅಂದರು."

ಅವನ ನಗು ಮಾತ್ರ ನಿಂತಿತು. "ಮಾರ್ಕಿನ ವಿಷಯ ನಿಜ. ನಾನು ಕಲಿತ ಶಾಲೆಯಲ್ಲಿ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಮೂವರಿಗೆ ಒಂದು ಪುಸ್ತಕ. ಎರಡೂ ಪುಟ ಕಾಣಲಿ ಅಂತ ನಾನು ಜಗಳವಾಡಿ ನಡುವೆ ಕೂರುತ್ತಿದ್ದೆ. ನಮ್ಮ ಗಣಿತದ ಟೀಚರ್ ಚುನಾವಣೆಯ ಡ್ಯೂಟಿಯಲ್ಲಿ ರಾತ್ರಿಯೆಲ್ಲ ಮತಪೆಟ್ಟಿಗೆ ಕಾದು, ಕೆಂಪು ಕಣ್ಣಲ್ಲೇ ಬಂದು ನಮಗೆ ಬೀಜಗಣಿತ ಹೇಳಿಕೊಟ್ಟರು. ಅವರನ್ನು ನೋಡಿಯೇ ನಾನು ಮೇಷ್ಟ್ರಾದದ್ದು. ಆ ಶಾಲೆಯ ಹೆಸರು ಹೇಳಲು ನಾನು ಯಾಕೆ ನಾಚಬೇಕು, ಡೆಬ್?"

ಜಗಳಕ್ಕೆ ಬಂದವಳು ಅವನ ಭುಜಕ್ಕೆ ಒರಗಿಕೊಂಡೆ. ಈ ಮನುಷ್ಯ ನನ್ನವನು ಎಂಬ ಹೆಮ್ಮೆಗೆ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು.

ಮನೆಗೆ ಬಂದು ಅದನ್ನೆಲ್ಲ ಹೇಳಿದರೆ ಡ್ಯಾಡಿ ಕನ್ನಡಕ ಸರಿಮಾಡಿಕೊಂಡರು. "ಅದೆಲ್ಲ ಇರ್ಲಿ. ಮದುವೆ ಕೇಳ್ಲಿಕ್ಕೆ ಹಿರಿಯರು ಬರುದಾ, ಸ್ಕ್ರೂಡ್ರೈವರ್ ಬರುದಾ?"

ಆ ಮಾತನ್ನು ಹಾಗೆಯೇ ಆರ್ನೆಲ್‌ಗೆ ಮುಟ್ಟಿಸಿದೆ. ಡಿಸೆಂಬರಿನಲ್ಲಿ ವಿಸಿಟ್ ವೀಸಾದಲ್ಲಿ ಅವನ ಅಮ್ಮ ಲೂರ್ದೆಸ್ ಬಂದಿಳಿದರು.

ಅವರು ಫಿಲಿಪೀನ್ಸ್‌ನ ಬತಾಂಗಾಸ್‌ನಲ್ಲಿ ಒಂದು ಬರಂಗಾಯ್‌ನ ಕ್ಯಾಪ್ಟನ್. ಬರಂಗಾಯ್ ಅಂದರೆ ನಮ್ಮ ಗ್ರಾಮ ಪಂಚಾಯತ್ ಇದ್ದ ಹಾಗೆ, ಕ್ಯಾಪ್ಟನ್ ಅಂದರೆ ಜನ ವೋಟು ಹಾಕಿ ಆರಿಸಿದ ಅಧ್ಯಕ್ಷೆ. ನೆರೆಹೊರೆಯ ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಅವರ ಮುಂದೆ ಬರಬೇಕು. ಆಳು ನನ್ನ ಭುಜಕ್ಕೂ ಬರುವುದಿಲ್ಲ. ನಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಇದ್ದರೂ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿಯೇ ಬಂದರು. ಹೆಣ್ಣು ಕೇಳುವವರು ಮೆಟ್ಟಿಲು ಹತ್ತಿ ಬರಬೇಕಂತೆ.

ಬುಟ್ಟಿಯಲ್ಲಿ ಎಲೆಯಲ್ಲಿ ಕಟ್ಟಿದ ಅಕ್ಕಿಯ ಸಿಹಿ ಇತ್ತು, ಸುಮಾನ್. ಮಮ್ಮಿ ಬಿಡಿಸಿ ಬಾಯಿಗಿಟ್ಟು, "ಅಯ್ಯೋ, ಇದು ನಮ್ಮ ಅರಸಿನ ಎಲೆಯ ಪಾತೊಳಿಯ ತಂಗಿ ಮಾರಾಯ್ತಿ!" ಎಂದು ನನ್ನ ಕಡೆ ತಿರುಗಿದರು. ಅಲ್ಲಿಗೆ ಅಡಿಗೆಮನೆಯ ಕಡೆಯಿಂದ ಒಪ್ಪಿಗೆ ಸಿಕ್ಕಿತು. ಉಳಿದದ್ದು ಡ್ಯಾಡಿ.

ಲೂರ್ದೆಸ್ ಬೆನ್ನು ನೇರ ಮಾಡಿ ಕೂತರು. "ಮಿಸ್ಟರ್ ಹ್ಯೂಬರ್ಟ್, ನಿಮ್ಮ ದೂರು ಏನು? ಹೇಳಿ. ಕೇಳುವುದು ನನಗೆ ಅಭ್ಯಾಸ."

ಡ್ಯಾಡಿ ಗಂಟಲು ಸರಿಮಾಡಿಕೊಂಡು ತಮ್ಮ ಇಂಗ್ಲಿಷಿನಲ್ಲಿ ಶಾಲೆಯ ಮಾತು ತೆಗೆದರು, ಸರ್ಕಾರದ ಮಾತು ತೆಗೆದರು.

"ಎಲ್ಲ ನಿಜ" ಎಂದರು ಅವರು. "ನಮ್ಮ ಶಾಲೆಯ ಮಾಡು ಸೋರುತ್ತದೆ. ಮೇಲಿನವರ ಬಾಗಿಲು ತಟ್ಟಿ ತಟ್ಟಿ ನನ್ನ ಕೈ ನೋಯುತ್ತದೆ. ಆದರೂ ತಟ್ಟುತ್ತೇನೆ, ಅದಕ್ಕೇ ಜನ ನನಗೆ ವೋಟು ಹಾಕಿದ್ದು. ನಾನು ನಿಮ್ಮ ಮಗಳನ್ನು ಕೇಳಲು ಬಂದಿದ್ದೇನೆ ಸರ್, ನನ್ನ ದೇಶವನ್ನು ಮಾರಲು ಬಂದಿಲ್ಲ." ಆಮೇಲೆ ದನಿ ಮೆತ್ತಗಾಯಿತು. "ನೀವು ಕಲಿತ ಶಾಲೆ ಹೇಗಿತ್ತು?"

ಡ್ಯಾಡಿ ಬಾಯಿ ತೆರೆಯುವ ಮೊದಲೇ ಮಮ್ಮಿ ಶುರು ಮಾಡಿದರು. "ಇವರದ್ದಾ? ಕಿನ್ನಿಗೋಳಿ ಹತ್ತಿರ. ಹಂಚು ಹಾರಿಹೋಗಿ ವರ್ಷವೆಲ್ಲ ಚರ್ಚಿನ ಜಗಲಿಯಲ್ಲೇ ಪಾಠ ಅಂತೆ. ಅಲ್ವಾ ಇವರೇ? ನೀವೇ ಅಲ್ವಾ ದೊಡ್ಡದಾಗಿ ಹೇಳುದು?"

ಡ್ಯಾಡಿ ಮಮ್ಮಿಯನ್ನು ದುರುಗುಟ್ಟಿ ನೋಡಿದರು. ಮಮ್ಮಿ ಇನ್ನೊಂದು ಸುಮಾನ್ ಬಿಡಿಸಿದರು. ಜಗಲಿಯ ಪಾಠದ ಕಥೆಯನ್ನು ನಾನು ಲೂರ್ದೆಸ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ.

"ನನ್ನ ಮಗನ ದುಡಿಮೆ ಮುಗಿಯಿತು" ಎಂದರು ಲೂರ್ದೆಸ್. "ಇನ್ನು ಈ ಮನೆಯಲ್ಲಿ ಅವನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಹೌದೋ ಅಲ್ಲವೋ, ನೀವು ಹೇಳಿ."

ಡ್ಯಾಡಿ ಕನ್ನಡಕ ತೆಗೆದು ಒರೆಸತೊಡಗಿದರು. ಆಗ ಟಪ್ ಎಂದು ಡ್ಯಾಡಿಯ ಕಾಫಿ ಕಪ್ಪಿಗೆ ಮೇಲಿನಿಂದ ಒಂದು ಹನಿ ಬಿತ್ತು. ಹಾಳು ಎಸಿ!

ಆರ್ನೆಲ್ ಅರ್ಧ ಎದ್ದ. ಅಮ್ಮ ನೋಡಿದರು. ಕೂತ. ಇನ್ನೊಂದು ಹನಿ ಬಿತ್ತು. ಅವನ ಬೆರಳುಗಳು ಮಂಡಿಯ ಮೇಲೆ ಚಡಪಡಿಸುವುದು ನನಗೆ ಕಾಣುತ್ತಿತ್ತು.

ಕೊನೆಗೆ ಎದ್ದವರು ಡ್ಯಾಡಿ. ಸ್ಟೂಲ್ ತಂದರು, ಅರುವತ್ತು ದಾಟಿದ ಮಂಡಿ ಹಿಡಿದು ಹತ್ತಿದರು, ಎಸಿಯ ಮುಚ್ಚಳ ಎಳೆದರು. ಸ್ಟೂಲ್ ಅಲುಗಾಡಿತು.

"ನೋಡ್ತಾ ಕೂತದ್ದೆಂತ?" ಡ್ಯಾಡಿ ಮೇಲಿನಿಂದ ಕೂಗಿದರು. "ಡೆಬೊರಾ, ಅಳಿಯನಿಗೆ ಹೇಳು, ಸ್ಟೂಲ್ ಹಿಡೀಲಿಕ್ಕೆ!"

ಮಮ್ಮಿಯ ಕೈಯಿಂದ ಸುಮಾನ್ ಜಾರಿತು. ಅಳಿಯ! ಆ ಒಂದು ಪದವನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ನನ್ನ ದನಿ ಮೂರು ಸಲ ಒಡೆಯಿತು. ಆರ್ನೆಲ್ ಅಮ್ಮನ ಕಡೆ ನೋಡಿದ. ಅವರು ಹುಬ್ಬು ಎತ್ತಿದರು. ಅವನು ಓಡಿಹೋಗಿ ಸ್ಟೂಲ್ ಹಿಡಿದ.

"ಅಬುಧಾಬಿಯವರಿಗೆ ನಾನೇ ಹೇಳ್ತೇನೆ" ಎನ್ನುತ್ತ ಡ್ಯಾಡಿ ಮುಚ್ಚಳ ಕೂರಿಸಿ ಮೆಲ್ಲಗೆ ಇಳಿದರು. ಧೂಳು, ನೀರು ಮೆತ್ತಿದ ಬಲಗೈಯನ್ನು ಪ್ಯಾಂಟಿಗೆ ಒರೆಸಿ, ತಾವಾಗಿಯೇ ಮುಂದೆ ಚಾಚಿದರು. "ಇವತ್ತು ಹಿಂದೆ ತೆಗೆಯುದಿಲ್ಲ."

ಆರ್ನೆಲ್‌ಗೆ ಅದನ್ನು ಯಾರೂ ಇಂಗ್ಲಿಷಿನಲ್ಲಿ ಹೇಳಬೇಕಾಗಲಿಲ್ಲ. ಬಾಗಿ ಆ ಕೈಯನ್ನು ಹಣೆಗೆ ಒತ್ತಿಕೊಂಡ.

"ದೇವ್ ಬರೆಂ ಕರುಂ" ಎಂದರು ಡ್ಯಾಡಿ, ದೇವರು ಒಳ್ಳೆಯದು ಮಾಡಲಿ ಎಂದು ನಮ್ಮ ಕೊಂಕಣಿಯಲ್ಲಿ. ಬೆಸಾಂವ್ ಕೇಳಿದಾಗ ನನಗೆ ಚಿಕ್ಕಂದಿನಲ್ಲಿ ಪ್ರತಿ ಸಂಜೆ ಹೇಳುತ್ತಿದ್ದ ಅದೇ ಮಾತು.

ಆರ್ನೆಲ್ ನನ್ನ ಕಡೆ ತಿರುಗಿದ. ಹಣೆಯ ಮೇಲೆ ಎಸಿಯ ಧೂಳಿನ ಗುರುತು, ಕಣ್ಣಲ್ಲಿ ನೀರು. "ಎಲ್ಲರನ್ನೂ ಕೇಳಿ ಆಯಿತು. ನಿನ್ನನ್ನೇ ಕೇಳಲಿಲ್ಲ. ನನ್ನನ್ನು ಮದುವೆ ಆಗ್ತೀಯಾ?"

ನಾನು ಎರಡೂ ಹುಬ್ಬು ಎತ್ತಿದೆ. ಅವನು ನನ್ನ ಹಾಗೆ ಎರಡನೇ ಸಲ ಕೇಳಲಿಲ್ಲ.